ನಾಲ್ಕು ವರ್ಷದ ಮಗುವಿಗೆ ಯಾಕಪ್ಪಾ ಕಾಪಿ ರೈಟಿಂಗ್?

ನಮ್ಮ ಮೂಡಿಗೆರೆ ಕಡೆ ಎಲ್‌ಕೆಜಿ ಅಡ್ಮಿಷನ್ ಮಾತು ಬಂದರೆ ಮೊದಲ ಪ್ರಶ್ನೆ ಒಂದೇ: "ಅಲ್ಲಿ ಚೆನ್ನಾಗಿ ಬರೆಸ್ತಾರಾ?" ಬರೆಸಿದರೆ ಒಳ್ಳೇ ಸ್ಕೂಲು, ಆಡಿಸಿದರೆ ದುಡ್ಡು ದಂಡ. ನನಗಂತೂ ಇದು ಪೂರ್ತಿ ಉಲ್ಟಾ ಅನಿಸುತ್ತದೆ.

ಪಕ್ಕದ ಮನೆಯ ಹುಡುಗಿಗೆ ಈಗ ನಾಲ್ಕು ವರ್ಷ. ಮಂಜು ಕರಗುವ ಮುಂಚೆ ವ್ಯಾನ್ ಹತ್ತುತ್ತಾಳೆ. ಸಂಜೆ ಬಂದರೆ 1ರಿಂದ 50, ಎರಡು ಸಲ. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಒತ್ತುವ ರಭಸಕ್ಕೆ ಹಾಳೆಯೇ ಹರಿಯುತ್ತದೆ. 3 ಉಲ್ಟಾ ಬಂತು ಅಂತ ಅಳಿಸಿ ಮತ್ತೆ ಬರೆಸುತ್ತಾರೆ. ಅವಳದ್ದೇನು ತಪ್ಪು? ಹುಟ್ಟುವಾಗ ಮಣಿಕಟ್ಟಿನ 8 ಮೂಳೆಗಳೂ ಮೆತ್ತಗೇ ಇರುತ್ತವೆ. ಒಂದೊಂದಾಗಿ ಗಟ್ಟಿಯಾಗಲು ಶುರುವಾಗಿ, ಕೊನೆಯದರ ಸರದಿ ಬರುವ ಹೊತ್ತಿಗೆ ಮಗುವಿಗೆ ಎಂಟು ವರ್ಷ ದಾಟಿರುತ್ತದೆ. ಆ ಕೈಗೆ ಮೊದಲು ಬೇಕಾದ್ದು ಮಣ್ಣು, ಚಪಾತಿ ಹಿಟ್ಟು, ಮಣಿ ಪೋಣಿಸುವ ದಾರ.

ಅದೇ ಹುಡುಗಿ ಅಜ್ಜಿ ಜೊತೆ ಕಣದಲ್ಲಿ ಕೂತು ಕಾಫಿ ಹಣ್ಣು ಆರಿಸೋದನ್ನ ನೋಡಬೇಕು. ಕೆಂಪು ಈ ಕಡೆ, ಹಸಿರು ಆ ಕಡೆ. ಅರ್ಧ ಹಣ್ಣಾಗಿದ್ದು ಸಿಕ್ಕಾಗ ಅಜ್ಜಿ ಜೊತೆ ಜಗಳ. ಕೊನೆಗೆ ತಾನೇ ಮೂರನೇ ಗುಡ್ಡೆ ಹಾಕಿದಳು! ಗಣಿತ ಅಂದ್ರೆ ಇದೇ ಅಲ್ವಾ? 50ರವರೆಗೆ ಬರೆಯುವ ಈ ಜಾಣೆಗೆ "ಏಳು ಹಣ್ಣು ಕೊಡು" ಅಂದರೆ ಮಾತ್ರ ಒಂದು ಹಿಡಿ ತುಂಬಿ ಕೊಡುತ್ತಾಳೆ.

ಇದೇನು ನಾನು ಕಂಡುಹಿಡಿದ ಮಾತಲ್ಲ. 1907ರಲ್ಲಿ ಮಾರಿಯಾ ಮಾಂಟೆಸ್ಸರಿ ರೋಮ್‌ನ ಬಡ ಕೇರಿಯಲ್ಲಿ, 1920ರಲ್ಲಿ ಶಿಕ್ಷಣತಜ್ಞ ಗಿಜುಭಾಯಿ ಬಧೇಕಾ ಗುಜರಾತಿನ ಭಾವನಗರದಲ್ಲಿ ಇದನ್ನೇ ಮಾಡಿ ತೋರಿಸಿದರು. (ಈಗ ಬೋರ್ಡಿನಲ್ಲಿ ಮಾಂಟೆಸ್ಸರಿ, ಒಳಗೆ ಸಾಲು ಬೆಂಚು. ಇರಲಿ.) ಸರ್ಕಾರಿ ಶಾಲೆಗಳಲ್ಲಿ ಆಡಿಸುತ್ತಾ ಕಲಿಸುವ ನಮ್ಮದೇ ನಲಿ-ಕಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಯ್ತು. 2020ರ ಶಿಕ್ಷಣ ನೀತಿ ಕೂಡ ಮೂರರಿಂದ ಎಂಟು ವರ್ಷದವರೆಗಿನದ್ದನ್ನು ಒಂದೇ ಹಂತ ಮಾಡಿ, ಆಟದಿಂದಲೇ ಕಲಿಸಿ ಅನ್ನುತ್ತದೆ.

"ಅಂಗನವಾಡಿಯಲ್ಲಿ ಏನಿದೆ, ಬರೀ ಹಾಡು, ಆಟ, ಊಟ" ಅಂತ ಮೂಗು ಮುರಿಯುವವರಿಗೆ ನಾನು ಹೇಳೋದು, ಆ ವಯಸ್ಸಿಗೆ ಪಾಠ ಅಂದ್ರೆ ಅದೇ ಸ್ವಾಮಿ. ಹಾಡಿಗೆ ಅಭಿನಯ ಮಾಡುವಾಗ ಮಗು ಮಾತು ಕಲಿಯುತ್ತದೆ. ಎಸ್ಟೇಟ್ ಲೈನಿನ (ತೋಟದ ಕಾರ್ಮಿಕರ ಸಾಲುಮನೆಗಳ) ಮಕ್ಕಳಿಗಂತೂ ಇದು ಇನ್ನೂ ಮುಖ್ಯ. ಮನೆಯಲ್ಲಿ ತಮಿಳೋ ತುಳುವೋ ಆಡುವ ಮಗು ಕನ್ನಡವನ್ನು ಪುಸ್ತಕದಿಂದ ಕಲಿಯಲ್ಲ, ಜೊತೆಗಾರರ ಜೊತೆ ಆಡುತ್ತಾ ಕಲಿಯುತ್ತದೆ.

ನನ್ನ ತಕರಾರು ಬೇರೆ. ಆ ಆಟಕ್ಕಾದರೂ ಕಾರ್ಯಕರ್ತೆಗೆ ಪುರುಸೊತ್ತು ಬೇಕಲ್ಲ? ಮಕ್ಕಳ ತೂಕ, ಗರ್ಭಿಣಿಯರ ಲೆಕ್ಕ, ರಿಜಿಸ್ಟರ್, ಮೊಬೈಲ್ ಆ್ಯಪ್‌ನಲ್ಲಿ ಎಂಟ್ರಿ, ಮೇಲಿಂದ ಸರ್ವೆ ಕೆಲಸ. ಇಷ್ಟೆಲ್ಲಾ ಒಬ್ಬರ ತಲೆ ಮೇಲೆ ಹೊರಿಸಿ, ಮಕ್ಕಳು ಸುಮ್ನೆ ಕೂತಿರ್ತಾರೆ ಅಂತ ನಾವೇ ದೂರುತ್ತೇವೆ. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ ಕೇಳುವಷ್ಟೇ ಜೋರಾಗಿ ಇದನ್ನೂ ಕೇಳೋಣ. ಮುಂದಿನ ಸಭೆಗೆ ನಾನಂತೂ ಹೋಗ್ತೀನಿ, ಬರುವವರು ಕಾಮೆಂಟ್ ಹಾಕಿ.