ಹಾಗಲಕಾಯಿಗೆ ಬಾಳೆಹಣ್ಣಿನ ಸಾಕ್ಷಿ

ಮಂಡ್ಯದಲ್ಲಿ ಹುಟ್ಟಿದವನಿಗೆ ಸಕ್ಕರೆ ಕಾಯಿಲೆ ಬಂದಿತೆಂದರೆ ಯಾರೂ ಹೆಚ್ಚು ಮರುಗುವುದಿಲ್ಲ. ಊರ ಹುಡುಗ ಊರಿಗೆ ತಕ್ಕ ಕಾಯಿಲೆಯನ್ನೇ ತಂದುಕೊಂಡನೆಂಬ ಸಮಾಧಾನವೇ ಅವರ ಮುಖದಲ್ಲಿ ಕಾಣುತ್ತದೆ. 1933ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆಯ ಊರಿನಲ್ಲಿ ಆಲೆಮನೆಗಳ ಬಿಸಿ ಬೆಲ್ಲ ನೆಕ್ಕಿ ಬೆಳೆದು, ಬ್ಯಾಂಕಿನ ನೌಕರಿಯ ನೆಪದಲ್ಲಿ ಮೈಸೂರು ಪಾಕಿನ ಊರಿಗೆ ಬಂದು ನೆಲೆಸಿದ ನನಗೆ, ಐವತ್ತೆರಡನೆಯ ವಯಸ್ಸಿನಲ್ಲಿ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯಲ್ಲಿ 8.2 ಎಂದು ವರದಿ ಬಂದಾಗ ಆಶ್ಚರ್ಯವಾಗಲಿಲ್ಲ, ಅವಮಾನವಾಯಿತು. ಇನ್ಸ್‌ಪೆಕ್ಷನ್ನಿನ ಹಿಂದಿನ ರಾತ್ರಿ ಕಡತಗಳನ್ನು ಜೋಡಿಸಿಟ್ಟು ಪಾರಾಗುವ ವಿದ್ಯೆಯಲ್ಲಿ ಪಳಗಿದ್ದ ನಾನು, ರಕ್ತ ಕೊಡುವ ಮುನ್ನ ಎರಡು ದಿನ ಬರೀ ಮಜ್ಜಿಗೆ ಕುಡಿದುಕೊಂಡಿದ್ದೆ. ಆದರೆ ಕೆಂಪು ರಕ್ತಕಣವೊಂದು ಸುಮಾರು 120 ದಿನ ಬದುಕುತ್ತದೆಯೆಂದೂ, ಅಷ್ಟು ದಿನವೂ ರಕ್ತದಲ್ಲಿರುವ ಸಕ್ಕರೆ ಅದರ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತಲೇ ಹೋಗುತ್ತದೆಯೆಂದೂ, ಈ ಪರೀಕ್ಷೆ ಆ ಅಂಟನ್ನೇ ಅಳೆಯುತ್ತದೆಯೆಂದೂ ನನಗೆ ಯಾರೂ ಹೇಳಿರಲಿಲ್ಲ. ಮೂರು ತಿಂಗಳಲ್ಲಿ ಮದುವೆ, ಮುಂಜಿ, ನಾಮಕರಣಗಳಲ್ಲಿ ತಿಂದದ್ದೆಲ್ಲ ಪಾಸ್‌ಬುಕ್ಕಿನಲ್ಲಿ ನಮೂದಾದಂತೆ ಅಲ್ಲಿ ನಮೂದಾಗಿತ್ತು.

ವೈದ್ಯರು ಎರಡು ಮಾತ್ರೆ ಬರೆದು, ದಿನಕ್ಕೆ ನಲವತ್ತು ನಿಮಿಷ ನಡೆಯಬೇಕೆಂದರು. ಅಲ್ಲಿಗೇ ಬಿಟ್ಟಿದ್ದರೆ ಈ ಬರಹ ಹುಟ್ಟುತ್ತಿರಲಿಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಅಂದು ರಾತ್ರಿ ಫೋನು ಮಾಡಿ, “ಅಪ್ಪಾ, ಬೆಳಿಗ್ಗೆ ಇಡ್ಲಿ ಬಿಟ್ಟು ಗ್ರೀನ್ ಸ್ಮೂದಿ ಕುಡಿ, ಒಂದು ತಿಂಗಳು ನೋಡು” ಎಂದಳು. ಸ್ಮೂದಿಯೆಂದರೆ ನುಣ್ಣಗಿರುವುದು ಎಂಬಷ್ಟು ಇಂಗ್ಲಿಷು ನನಗೂ ಗೊತ್ತಿತ್ತು. ಮರುದಿನ ಸೊಪ್ಪಿನವಳಿಂದ ಒಂದು ಕಟ್ಟು ಪಾಲಕ್ ಕೊಂಡು, ಔಷಧಿಯ ಗುಣವೂ ಇರಲೆಂದು ಅರ್ಧ ಹಾಗಲಕಾಯಿ ಸೇರಿಸಿ, ನೀರು ಹಾಕಿ ಮಿಕ್ಸಿಯಲ್ಲಿ ತಿರುವಿದೆ. ಲೋಟದಲ್ಲಿ ಅದು ನೋಡಲು ಬಹಳ ಚೆನ್ನಾಗಿತ್ತು. ಬಾಯಿಗೆ ಹಾಕಿಕೊಂಡಾಗ ಮಾತ್ರ, ಮಳೆ ನಿಂತ ಮೇಲೆ ಹುಲ್ಲುಗಾವಲಿನಲ್ಲಿ ಬೋರಲು ಬಿದ್ದವನಿಗೆ ಸಿಗುವ ರುಚಿ ಸಿಕ್ಕಿತು. ಹಾಗಲದ ಕಹಿ ಅದರ ಹಿಂದೆಯೇ ನಿಧಾನವಾಗಿ ಬಂದು, ಸಂಜೆಯವರೆಗೆ ನಾಲಿಗೆಯ ಬುಡದಲ್ಲಿ ಬಿಡಾರ ಹೂಡಿತು. ನುಣುಪಂತೂ ಇರಲೇ ಇಲ್ಲ. ಪಾಲಕ್‌ನ ದಂಟಿನ ನಾರು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡು, ಬ್ಯಾಂಕಿಗೆ ಬಂದ ಗ್ರಾಹಕರೊಬ್ಬರು ನನ್ನ ನಗುವನ್ನು ಬಹಳ ಹೊತ್ತು ದಿಟ್ಟಿಸಿ ನೋಡಿದರು.

ಕುಡಿಯುವಂತೆ ಮಾಡಬೇಕೆಂದರೆ ಸಿಹಿ ಮಾಡಬೇಕು ಎಂದು ಮಂಡ್ಯದವನ ಬುದ್ಧಿ ತೀರ್ಮಾನಿಸಿತು. ಮರುದಿನ ಒಂದು ಬಾಳೆಹಣ್ಣು ಹಾಕಿದೆ. ಹಾಗಲ ಸ್ವಲ್ಪ ಮಣಿಯಿತು. ಸಕ್ಕರೆಯಲ್ಲವಲ್ಲ, ಪ್ರಕೃತಿಯೇ ಕೊಟ್ಟದ್ದಲ್ಲವೇ ಎಂದು ಅದರ ಮರುದಿನ ನಾಲ್ಕು ಖರ್ಜೂರ ಸೇರಿಸಿದೆ. ಜೇನುತುಪ್ಪವೆಂದರೆ ಔಷಧಿಯೇ ಎಂದು ನಮ್ಮಜ್ಜಿ ಹೇಳುತ್ತಿದ್ದುದು ನೆನಪಾಗಿ ದೊಡ್ಡ ಚಮಚದಲ್ಲಿ ಒಂದು ಚಮಚ ಜೇನನ್ನೂ ಸುರಿದೆ. ವಾರ ಕಳೆಯುವುದರೊಳಗೆ ಹಾಗಲಕಾಯಿಯ ಪಾಲು ಕಿರುಬೆರಳಿನಷ್ಟಾಗಿ, ಅದು ಬಾಳೆಹಣ್ಣಿನ ಸೀಕರಣೆಗೆ ಸಾಕ್ಷಿ ಹೇಳಲು ಬಂದಂತೆ ಲೋಟದ ತಳದಲ್ಲಿ ಕೂತಿತ್ತು. ರುಚಿ ಅಮೋಘವಾಗಿತ್ತು; ಎರಡು ಲೋಟ ಕುಡಿಯುತ್ತಿದ್ದೆ. ತಿಂಡಿಯಾದ ಎರಡು ಗಂಟೆಗೆ ನೋಡಿದರೆ ಸಕ್ಕರೆ 246.

ಬಡ್ಡಿಯ ಲೆಕ್ಕ ಹಾಕಿ ಸವೆದ ಕೈ ಸುಮ್ಮನಿರಲಿಲ್ಲ. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 27 ಗ್ರಾಂ ಕಾರ್ಬೋಹೈಡ್ರೇಟು, ಒಂದು ದೊಡ್ಡ ಚಮಚ ಜೇನಿನಲ್ಲಿ 17, ಸಣ್ಣ ಖರ್ಜೂರ ನಾಲ್ಕಕ್ಕೆ 20ರ ಆಸುಪಾಸು. ಚಹಾ ಚಮಚಕ್ಕೆ 4 ಗ್ರಾಂ ಸಕ್ಕರೆಯೆಂದು ಭಾಗಿಸಿದರೆ, ಆರೋಗ್ಯದ ಹೆಸರಿನಲ್ಲಿ ನಾನು ಲೋಟಕ್ಕೆ ಹದಿನಾರು ಚಮಚದಷ್ಟನ್ನು ಇಳಿಸುತ್ತಿದ್ದೆ. ಎದುರು ಮನೆಯವರು ಕಾಫಿಗೆ ಒಂದೂವರೆ ಚಮಚ ಸಕ್ಕರೆ ಹಾಕಿಕೊಂಡಾಗ ಅವರಿಗೆ ಬುದ್ಧಿ ಹೇಳಿದವನು ನಾನೇ.

ಹಣ್ಣಿನ ಕಾಲ ಮುಗಿಯುವ ಮೊದಲು ಇನ್ನೊಂದು ಪ್ರಸಂಗ ನಡೆಯಿತು. ಒಂದು ಭಾನುವಾರ ಬೆಳಿಗ್ಗೆ, ಜೇನಿನ ಬದಲು ಕಿತ್ತಳೆಯಾದರೂ ಇರಲೆಂದು ಎರಡು ಹಣ್ಣು ಸುಲಿದು ಹಿಂಡಿಟ್ಟು, ಕುಡಿಯುವ ಮೊದಲು ಬರಿಹೊಟ್ಟೆಯ ಸಕ್ಕರೆ ನೋಡೋಣವೆಂದು ಬೆರಳನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ, ಚುಚ್ಚಿ, ಗ್ಲೂಕೋಮೀಟರಿನ ಪಟ್ಟಿಗೆ ರಕ್ತ ತಾಗಿಸಿದೆ. 341 ಎಂದಿತು. ಇನ್ನೊಂದು ಪಟ್ಟಿ ಹಾಕಿದೆ, 328. ನನ್ನ ಹೆಂಡತಿ ದೇವರಿಗೆ ಕೈಮುಗಿದು ಆಟೋ ಕರೆದಳು. ಆಟೋದಲ್ಲಿ ಕೂತು ನಾನು ಮಗಳ ಮದುವೆಯ ಬಗ್ಗೆ, ವಿಮೆಯ ಕಾಗದ ಬೀರುವಿನ ಯಾವ ಖಾನೆಯಲ್ಲಿದೆಯೆಂಬುದರ ಬಗ್ಗೆ, ಗದ್ಗದ ಕಂಠದಲ್ಲಿ ವಿವರಿಸಿದೆ. ದವಾಖಾನೆಯಲ್ಲಿದ್ದ ಹುಡುಗಿ ನನ್ನ ಕೈಯನ್ನೊಮ್ಮೆ ಮೂಸಿದಂತೆ ಮಾಡಿ, “ಸಾರ್, ಹಣ್ಣು ಮುಟ್ಟಿದ್ರಾ? ಹೋಗಿ ಸೋಪು ಹಾಕಿ ಕೈ ತೊಳ್ಕೊಂಡು ಬನ್ನಿ” ಎಂದಳು. ತೊಳೆದು ಬಂದ ಮೇಲೆ 134. ಹಣ್ಣು ಸುಲಿದ ಬೆರಳಿಗೆ ಅಂಟಿದ ಸಕ್ಕರೆ ಆ ಒಂದು ಹನಿ ರಕ್ತದಲ್ಲಿ ಬೆರೆತು ಅಂಕಿಯನ್ನು ಆಕಾಶಕ್ಕೇರಿಸುತ್ತದೆ; ಸ್ಪಿರಿಟ್ಟಿನ ಹತ್ತಿ ಅದಕ್ಕೆ ಸಾಲದು, ಸೋಪು ನೀರೇ ಬೇಕು. ಆ ಬೆಳಿಗ್ಗೆ ಮಧುಮೇಹವಿದ್ದದ್ದು ಕಿತ್ತಳೆಗೆ. ಹಿಂದಿರುಗುವಾಗ ನನ್ನ ಹೆಂಡತಿ, “ರೀ, ವಿಮೆ ಕಾಗದ ಎಲ್ಲಿದೆ ಅಂದ್ರಿ?” ಎಂದು ಮತ್ತೊಮ್ಮೆ ಕೇಳಿದಳು.

ಅಂದಿನಿಂದ ಹಣ್ಣಿಗೆ ಬಹಿಷ್ಕಾರ ಹಾಕಿ ವೈರಾಗ್ಯದ ಮಾರ್ಗ ಹಿಡಿದೆ. ಮೊದಲು ನೆನೆಸಿದ ಮೆಂತ್ಯವನ್ನು ಸೊಪ್ಪಿನ ಜೊತೆ ರುಬ್ಬಿ ಕುಡಿದೆ. ಮೆಂತ್ಯ ತನ್ನ ಕೆಲಸ ಮಾಡಿತೋ ಇಲ್ಲವೋ, ನನ್ನ ಬೆವರಿನಿಂದ ಬೆಲ್ಲದ ಪಾಕದ ವಾಸನೆ ಬರತೊಡಗಿತು. ಇದು ಉತ್ಪ್ರೇಕ್ಷೆಯಲ್ಲ, ಸೀದ ಸಕ್ಕರೆಯಂತೆ ನಾರುವ ವಸ್ತುವೊಂದು ಮೆಂತ್ಯದಲ್ಲಿದ್ದು, ಅದು ಬೆವರಿನ ಮೂಲಕ ಹೊರಬರುತ್ತದೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆಯಲ್ಲಿ ನಾನು ಹಾದುಹೋದರೆ ಆಲೆಮನೆಯೇ ಹಾದುಹೋದಂತಾಗುತ್ತಿತ್ತು. ಕದ್ದು ಸಿಹಿ ತಿನ್ನುತ್ತಿದ್ದೇನೆಂದು ಹೆಂಡತಿಗೆ ಅನುಮಾನ ಹುಟ್ಟಿ, ಅಂಗಿಯ ಜೇಬುಗಳ ತಪಾಸಣೆ ಎರಡು ದಿನ ನಡೆಯಿತು.

ಅನಂತರ ಚಿಯಾ ಬೀಜ. ಎಚ್.ಡಿ. ಕೋಟೆಯ ಕಡೆಯ ರೈತರೂ ಈಗ ಇದನ್ನು ಬೆಳೆಯುತ್ತಾರೆ, ಆದ್ದರಿಂದ ದೇಶಪ್ರೇಮಕ್ಕೇನೂ ಕೊರತೆಯಿರಲಿಲ್ಲ. ಎರಡು ಚಮಚ ಎಂದಿದ್ದನ್ನು ಎರಡು ಹಿಡಿ ಮಾಡಿ ರಾತ್ರಿ ಫ್ರಿಜ್ಜಿನಲ್ಲಿಟ್ಟೆ. ತನ್ನ ತೂಕದ ಹತ್ತು ಪಟ್ಟಿನಷ್ಟು ನೀರು ಹೀರಬಲ್ಲ ಆ ಬೀಜ ಬೆಳಗಾಗುವಷ್ಟರಲ್ಲಿ ಇಡೀ ಜಾರನ್ನು ಹಾಲುಬಾಯಿಯಂತೆ ಗಟ್ಟಿ ಮಾಡಿತ್ತು. ತಲೆಕೆಳಗು ಮಾಡಿದರೂ ಬೀಳಲಿಲ್ಲ. ಚಾಕುವಿನಿಂದ ತುಂಡರಿಸಿ ತಿನ್ನಬೇಕಾದದ್ದನ್ನು ಪಾನೀಯವೆಂದು ಹೇಗೆ ಕರೆಯುವುದು? ಇನ್ನು ಪಕ್ಕದ ಮನೆಯವರು ತಮ್ಮ ಕುಂಡದ ‘ಇನ್ಸುಲಿನ್ ಗಿಡ’ದ ಎಲೆಗಳನ್ನು ದಿನವೂ ಕಾಂಪೌಂಡಿನ ಮೇಲಿಂದ ದಾಟಿಸುತ್ತಿದ್ದರು. ಹೆಸರಲ್ಲದೆ ಆ ಗಿಡದಲ್ಲಿ ಇನ್ಸುಲಿನ್ ಇಲ್ಲ, ಇದ್ದಿದ್ದರೂ ಅದು ಪ್ರೋಟೀನಾದ್ದರಿಂದ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತಿತ್ತು ಎಂದು ತಿಳಿದ ಮೇಲೂ ಎಲೆಗಳನ್ನು ವಿನಯದಿಂದ ಸ್ವೀಕರಿಸಿದೆ. ಸಕ್ಕರೆಗಿಂತ ನೆರೆಹೊರೆ ಮುಖ್ಯ.

ಎಲ್ಲಕ್ಕಿಂತ ಜೋರಾದ ಅನಾಹುತ ಪಾಲಕ್‌ನಿಂದಲೇ ಆಯಿತು. ದಿನವೂ ಹಸಿ ಪಾಲಕ್ ಕುಡಿದರೆ ಅದರ ಆಕ್ಸಲೇಟಿನಿಂದ ಮೂತ್ರಪಿಂಡದಲ್ಲಿ ಕಲ್ಲಾಗಬಹುದೆಂದೂ, ಕುದಿಯುವ ನೀರಿನಲ್ಲಿ ಅದ್ದಿ ಆ ನೀರನ್ನು ಚೆಲ್ಲಿದರೆ ಅದು ಸಾಕಷ್ಟು ಕಡಿಮೆಯಾಗುತ್ತದೆಂದೂ ಸಹೋದ್ಯೋಗಿಯೊಬ್ಬರು ಹೇಳಿದರು. ಮಾತು ನಿಜವೇ. ಆದರೆ ಬೇಯಿಸಿದ್ದು ಆರಬೇಕೆಂಬ ಅರ್ಧ ವಾಕ್ಯವನ್ನು ಅವರು ಹೇಳಲಿಲ್ಲ, ನನಗೆ ಹೊಳೆಯಲಿಲ್ಲ. ಬಿಸಿ ಸೊಪ್ಪನ್ನು ಜಾರಿಗೆ ತುಂಬಿ, ಮುಚ್ಚಳ ಬಿಗಿದು, ಗುಂಡಿಯನ್ನು ಮೂರಕ್ಕೆ ತಿರುಗಿಸಿದೆ. ಒಳಗಿನ ಆವಿಗೆ ಹೋಗಲು ದಾರಿಯಿರಲಿಲ್ಲ. ಅದು ದಾರಿ ಮಾಡಿಕೊಂಡಿತು. ಮುಚ್ಚಳ ಹಾರಿ ದೇವರ ಮನೆಯ ಹೊಸ್ತಿಲಲ್ಲಿ ಬಿದ್ದಿತು, ಸೊಪ್ಪು ಛಾವಣಿಗೆ ಹೋಯಿತು. ನನ್ನ ಕನ್ನಡಕ ಕಣ್ಣನ್ನು ಕಾಪಾಡಿತು. ಛಾವಣಿಯ ಮೇಲೆ, ಫ್ಯಾನಿನ ಪಕ್ಕದಲ್ಲಿ, ಹೆಚ್ಚುಕಡಿಮೆ ಶ್ರೀಲಂಕೆಯ ಆಕಾರದ ಒಂದು ಹಸಿರು ಕಲೆ ಉಳಿಯಿತು. ಒರೆಸಿದಷ್ಟೂ ಅದು ಭಾರತದ ಕಡೆಗೆ ಹಬ್ಬಿತು.

ಛಲ ಬಂದು, ಮರುವಾರ ಬರೀ ಹಾಗಲಕಾಯಿ, ಸೊಪ್ಪು, ನೀರು ಕುಡಿದು, ಮಾತ್ರೆ ನುಂಗಿ, ತಿಂಡಿ ತಿನ್ನದೆ ಬ್ಯಾಂಕಿಗೆ ಹೊರಡಲು ಸಿದ್ಧನಾದೆ. ಬೂಟಿನ ದಾರ ಕಟ್ಟುವಾಗ ಕೈ ನಡುಗಿತು, ಅಂಗಿ ಬೆವರಿನಿಂದ ತೊಯ್ದಿತು, ಚಾವಡಿಯಲ್ಲಿದ್ದ ಕ್ಯಾಲೆಂಡರಿನ ತಾರೀಖುಗಳು ಸಾಲು ತಪ್ಪಿ ನಡೆದಾಡಿದವು. ಸಕ್ಕರೆ 58. ಎಪ್ಪತ್ತಕ್ಕಿಂತ ಕೆಳಗಿಳಿದರೆ ಕೂಡಲೇ ಹದಿನೈದು ಗ್ರಾಂನಷ್ಟು ಸಕ್ಕರೆ ಕೊಟ್ಟು ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕೆಂದು ವೈದ್ಯರು ಮೊದಲೇ ಹೇಳಿದ್ದರಿಂದ, ಹೆಂಡತಿ ಭರ್ತಿ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ತನ್ನ ಕೈಯಾರೆ ಕುಡಿಸಿದಳು. ತಿಂಗಳುಗಳ ನಂತರ ನಾಲಿಗೆಗೆ ಬಂದ ಆ ಸಕ್ಕರೆಯ ನೀರಿನ ರುಚಿಯನ್ನು ನಾನು ಇಲ್ಲಿ ವರ್ಣಿಸುವುದಿಲ್ಲ. ವರ್ಣಿಸಿದರೆ ಮನೆಯವರು ಓದುತ್ತಾರೆ. ಸಂಜೆ ವೈದ್ಯರು, ನಾನು ನುಂಗುವ ಎರಡು ಮಾತ್ರೆಗಳಲ್ಲಿ ಗ್ಲಿಮೆಪಿರೈಡ್ ಎಂಬುದು ತಿಂಡಿ ತಿಂದರೂ ತಿನ್ನದಿದ್ದರೂ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆಂದು ತಿಳಿಸಿ, “ಮಾತ್ರೆಗೆ ನಿಮ್ಮ ವ್ರತ ಗೊತ್ತಾಗಲ್ಲ ಸ್ವಾಮಿ, ತಿಂಡಿ ತಿನ್ನಿ. ಸೊಪ್ಪು ತಿಂಡಿಯ ಜೊತೆಗಿರಲಿ, ಬದಲಿಗೆ ಬೇಡ” ಎಂದರು.

ಅದೇ ವಾರ ತೀರ್ಥಹಳ್ಳಿಯಿಂದ ನಮ್ಮತ್ತೆಯವರು ಬಂದರು. ಮೊದಲ ಬೆಳಿಗ್ಗೆ ನಾನು ಮೂಗು ಹಿಡಿದು ಲೋಟವೆತ್ತುವುದನ್ನು ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. ಅಳಿಯನನ್ನು ನೇರವಾಗಿ ಕೇಳುವುದು ಅವರ ಕ್ರಮವಲ್ಲವಾದ್ದರಿಂದ ಮಗಳ ಕಡೆಗೆ ತಿರುಗಿ, “ಅಲ್ವೇ, ಅಳಿಯಂದಿರು ಬೆಳಿಗ್ಗೆ ಬೆಳಿಗ್ಗೆ ಉಪ್ಪಿಲ್ಲದ ತಂಬುಳಿ ಯಾಕೆ ಕುಡಿತಾರೆ? ಎಂಥ ಹರಕೆ?” ಎಂದು ಕೇಳಿದರು. ನನ್ನ ಹೆಂಡತಿ ಒಂದು ಕ್ಷಣ ನನ್ನನ್ನೂ ಲೋಟವನ್ನೂ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಇಪ್ಪತ್ತೈದು ವರ್ಷ ನನಗೆ ತಂಬುಳಿ ಬಡಿಸಿದವಳಿಗೂ ಇದು ಹೊಳೆದಿರಲಿಲ್ಲ. ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದಳಲ್ಲ!

ಮರುದಿನ ಅತ್ತೆಯವರೇ ಒರಳಿಗೆ ಕೈಹಾಕಿದರು. ನಾಲ್ಕು ದೊಡ್ಡಪತ್ರೆ ಎಲೆಯನ್ನು ಜೀರಿಗೆ, ಎರಡು ಕಾಳುಮೆಣಸಿನ ಜೊತೆ ಒಂದು ತೊಟ್ಟು ತುಪ್ಪದಲ್ಲಿ ಬಾಡಿಸಿ, ಆರಿಸಿ, ಒಂದು ಹಿಡಿ ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ, ಕಡೆದ ಮಜ್ಜಿಗೆಯಲ್ಲಿ ಕದಡಿ, ಉಪ್ಪು ಹಾಕಿ ಲೋಟದಲ್ಲಿಟ್ಟರು. ಆರಿಸಿದರು ಎಂಬುದನ್ನು ನಾನು ವಿಶೇಷವಾಗಿ ಗಮನಿಸಿದೆ. ಸಿಹಿಯೆಂಬುದರ ಸುಳಿವೂ ಇಲ್ಲದ ಆ ಲೋಟ ಒಂದೇ ಗುಟುಕಿಗೆ ಖಾಲಿಯಾಯಿತು. ಕಹಿಯನ್ನು ಹಿಂದೆ ಸರಿಸಲು ಸಿಹಿಗಿಂತ ಉಪ್ಪು ಚುರುಕು. ಒಂದು ಚಿಟಿಕೆ ಬಿದ್ದರೆ ನಾಲಿಗೆಗೆ ಕಹಿ ಅಷ್ಟಾಗಿ ಹತ್ತುವುದಿಲ್ಲ. ಇಷ್ಟನ್ನು ತಿಳಿಯದೆ ನಾನು ಬಾಳೆಗೊನೆಗಳನ್ನೇ ಮುಗಿಸಿದ್ದೆ. ಮರುದಿನ ಒಂದೆಲಗ, ಅದರ ಮರುದಿನ ಕೊತ್ತಂಬರಿ ಮತ್ತು ನೆಲ್ಲಿಕಾಯಿ, ಆಮೇಲೆ ಸೌತೆಕಾಯಿ ಮತ್ತು ಪುದೀನ. ಜೊತೆಗೆ ಎರಡು ಇಡ್ಲಿ, ವೈದ್ಯರ ಮಾತಿನಂತೆ. ಒಮ್ಮೆ ಮಾತ್ರ ನೆಲ್ಲಿಕಾಯಿಯದ್ದನ್ನು ಬಾಟಲಿಗೆ ತುಂಬಿ ಬ್ಯಾಂಕಿಗೆ ಒಯ್ದಿದ್ದೆ. ಹುಳಿಯೊಡನೆ ಗಂಟೆಗಟ್ಟಲೆ ಕೂತ ಸೊಪ್ಪು ತನ್ನ ಹಸಿರನ್ನು ಕಳೆದುಕೊಳ್ಳುತ್ತದೆ. ಮಧ್ಯಾಹ್ನಕ್ಕೆ ಅದು ಅಂಗಳ ಸಾರಿಸಲು ಕದಡಿಟ್ಟಂತೆ ಕಂಡು, ಕ್ಯಾಷಿಯರು ತಮ್ಮ ಊಟದ ಡಬ್ಬಿಯೊಂದಿಗೆ ಬೇರೆ ಮೇಜಿಗೆ ಹೋದರು.

ಮೂರು ತಿಂಗಳ ಮೇಲೆ ಎಚ್‌ಬಿಎ1ಸಿ 7.1 ಆಗಿತ್ತು. ವೈದ್ಯರು ಮಾತ್ರೆಯನ್ನೂ ನಡಿಗೆಯನ್ನೂ ಹೊಗಳಿದರು, ಮಗಳು ಸ್ಮೂದಿಯನ್ನು, ಪಕ್ಕದ ಮನೆಯವರು ತಮ್ಮ ಗಿಡವನ್ನು. ಅತ್ತೆಯವರಿಗೆ ಈ ಅಂಕಿಗಳು ಅರ್ಥವಾಗದೆ, “ಸೊಂಟ ಸ್ವಲ್ಪ ಇಳಿದಿದೆ ಅಲ್ವೇ” ಎಂದು ಮಗಳಿಗೆ ಹೇಳಿದರು. ನನಗೆ ಅವರ ಮಾತೇ ಹೆಚ್ಚು ಖುಷಿ ಕೊಟ್ಟಿತು.

ದಸರೆಗೆ ಮುಂಚೆ ಸುಣ್ಣಬಣ್ಣ ಮಾಡಿಸೋಣವೆಂದು ಪೇಂಟರನ್ನು ಕರೆಸಿದೆವು. ಅವನು ಅಡುಗೆಮನೆಯ ಛಾವಣಿಯ ಕಲೆಯನ್ನು ಕತ್ತೆತ್ತಿ ನೋಡಿದ, ಏಣಿ ಹಾಕಿ ಹತ್ತಿ ಉಗುರಿನಿಂದ ಕೆರೆದ, ಇಳಿದು ಬಂದು ಗಂಭೀರವಾಗಿ, “ಸಾರ್, ತಾರಸಿ ಸೋರ್ತಿದೆ, ಆಗ್ಲೇ ಪಾಚಿ ಕಟ್ಟಿದೆ. ಮೊದ್ಲು ವಾಟರ್‌ಪ್ರೂಫಿಂಗ್ ಮಾಡಿಸ್ಬೇಕು, ಇಲ್ದಿದ್ರೆ ಬಣ್ಣ ನಿಲ್ಲಲ್ಲ” ಎಂದು ಖರ್ಚಿನ ಅಂದಾಜನ್ನೂ ಹೇಳತೊಡಗಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿಯ ದನಿ ಬಂತು:

“ಸೋರಿದ್ದು ಮೇಲಿಂದ ಅಲ್ಲಪ್ಪಾ, ಕೆಳಗಿಂದ.”