‘ಘಾಂಟಿ’ ಪೋರ್ಚುಗೀಸರ ಬೈಗುಳವಲ್ಲ

‘ಘಾಂಟಿ ಅನ್ನುವುದು ಕನ್ನಡಿಗರನ್ನು ಬೈಯಲೆಂದೇ ಪೋರ್ಚುಗೀಸರು ಹುಟ್ಟಿಸಿದ ಪದ’ ಎಂಬ ವಾಟ್ಸಾಪ್ ಸಂದೇಶ ಗೋವಾದ ವಾಸ್ಕೊದಲ್ಲಿರುವ ನಮ್ಮ ಕನ್ನಡಿಗರ ನಡುವೆ ಓಡಾಡುತ್ತಿದೆ. ಇದು ತಪ್ಪು. ಪದದ ಮೂಲ ಘಾಟ್, ಅಂದರೆ ಘಟ್ಟ. ಘಟ್ಟದ ಮೇಲಿನವರು, ಅಷ್ಟೇ. ಮಂಗಳೂರು ಕಡೆ ‘ಘಟ್ಟದವರು’ ಅಂತಾರಲ್ವಾ, ಹಾಗೆ. ಮುಂಬೈಯಲ್ಲಂತೂ ಸಾತಾರಾ ಕಡೆಯ ಮರಾಠಿ ಕೂಲಿಗಳನ್ನೇ ‘ಘಾಟಿ’ ಅಂತ ಹೀಯಾಳಿಸಿದ್ದುಂಟು.

1961ರಲ್ಲಿ ಪೋರ್ಚುಗೀಸರ ಆಳ್ವಿಕೆ ಮುಗಿದ ನಂತರ ಉತ್ತರ ಕರ್ನಾಟಕದಿಂದ ಗೋವಾಕ್ಕೆ ಜಾಸ್ತಿ ಜನ ದುಡಿಯಲು ಬಂದರು. ಕಟ್ಟಡಗಳಿಗೆ ಕಲ್ಲು, ಮಣ್ಣು ಹೊತ್ತರು. ಕೂಲಿಯವರ ಮೇಲಿನ ತಾತ್ಸಾರ ಪದಕ್ಕೂ ಅಂಟಿತು. ‘ಮೂಲ ಒಳ್ಳೆಯದೇ, ಸುಮ್ನೆ ಬೇಜಾರ್ಯಾಕೆ’ ಅನ್ನುವುದೂ ಸರಿಯಲ್ಲ. ಮೀನು ಮಾರ್ಕೆಟ್‌ನಲ್ಲಿ ಚಿಲ್ಲರೆ ಕೇಳಿದವನಿಗೆ ‘ಏ ಘಾಂಟಿ, ಆಚೆ ಹೋಗು’ ಅಂದರೆ ಅದು ಬೈಗುಳವೇ. ಆ ಸಂದೇಶವನ್ನು ಮಾತ್ರ ಮುಂದೆ ಕಳಿಸಬೇಡಿ.