ಸತ್ಯಾಂಶ: ಬೆಕ್ಕಿಗೆ ಹಾಲಿಟ್ಟರೆ ಸಾಕೇ?

"ಬೆಕ್ಕಿಗೆ ಆರೈಕೆ ಬೇಡ, ಬಟ್ಟಲು ಹಾಲಿಟ್ಟರೆ ಎಷ್ಟಾದರೂ ಸಾಕಬಹುದು" ಎಂಬ ಮೆಸೇಜು ನಮ್ಮ ಮಲ್ಲೇಶ್ವರದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಸರಿಯಾಗಿ ಅರಗುವುದೇ ಇಲ್ಲ.

ಸಂಖ್ಯೆಯ ಲೆಕ್ಕ ಇನ್ನೂ ಕಠಿಣ. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಗಬ್ಬವಾಗಬಲ್ಲದು, ಸುಮಾರು 65 ದಿನಕ್ಕೆ ಮರಿ ಹಾಕುತ್ತದೆ. ಮರಿಯಾಗದಂತೆ ಆಪರೇಷನ್ ಮಾಡಿಸದೆ ಬಿಟ್ಟ ಒಂದು ಜೋಡಿ ವರ್ಷದೊಳಗೆ ಸಣ್ಣ ಬಾಡಿಗೆ ಮನೆಯನ್ನು ತುಂಬಿಬಿಡಬಹುದು. ಮೂತ್ರದ ಅಮೋನಿಯಾ ಕಣ್ಣು ಉರಿಸುತ್ತದೆ. ಒಂದಕ್ಕೆ ಶೀತ ಹಿಡಿದರೆ ಉಳಿದವಕ್ಕೂ ಹರಡುತ್ತದೆ. ಕೀವಿನಿಂದ ರೆಪ್ಪೆ ಅಂಟಿಕೊಂಡ ಮರಿಯ ಕಣ್ಣನ್ನು ಉಗುರುಬೆಚ್ಚಗಿನ ನೀರಿನ ಹತ್ತಿಯಿಂದ ಒರೆಸಿದವರಿಗೆ ಇದು ಗೊತ್ತು.

ಹೀಗೆ ಮನೆ ತುಂಬ ಬೆಕ್ಕು ಸೇರಿಸಿಕೊಳ್ಳುವವರಲ್ಲಿ ಅನೇಕರು ಕ್ರೂರಿಗಳಲ್ಲ, ಒಂದನ್ನೂ ಬಿಟ್ಟುಕೊಡಲಾಗದವರು. ಬೈದರೆ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಆದರೂ ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ನೆಲೆ ಕೊಡದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ.